ಲಾಭ, ಎರಡು, ಮೂರು

"ಬುತ್ತಿ ಬಿಚ್ಚಿ!"

ಈರಕ್ಕ ಬೆಚ್ಚಿ ನಿಂತಳು. ಹಿಂದಿನ ದೊಡ್ಡ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತ್ತು. ಮುಂದಿನ ಕಂಬಿ ಬಾಗಿಲು ಇನ್ನೂ ತೆರೆದಿರಲಿಲ್ಲ. ನಡುವಿನ ಆ ಇಕ್ಕಟ್ಟು ಜಾಗದಲ್ಲಿ ಅವಳು, ಅವಳ ಬುತ್ತಿ, ಮತ್ತೆ ಖಾಕಿ ತೊಟ್ಟ ಆ ಎತ್ತರದ ಗಂಡಸು!

"ಯಾಕೆ ಬಿಚ್ಬೇಕು? ನಾನೇನು ಕಳ್ಳೀನಾ?"

"ಒಳಕ್ಕೋಗೋ ಬುತ್ತಿಗೆಲ್ಲಾ ಒಂದೇ ಕಾನೂನು ಕಣಮ್ಮ."

ಅವಳು ಸಿಡುಕುತ್ತಲೇ ಗಂಟು ಬಿಚ್ಚಿದಳು. ಬೆಳಗ್ಗೆ ಅವ್ವ ಬಿಸಿಬಿಸಿಯಾಗಿ ಕಟ್ಟಿಕೊಟ್ಟ ಮುದ್ದೆ... ಅವನು ಸೈಕಲ್ ಕಡ್ಡಿ ತೆಗೆದು ಅದರ ನಡುಮಧ್ಯಕ್ಕೆ ಚುಚ್ಚಿಯೇಬಿಟ್ಟ!

"ಅಯ್ಯೋ ನಿನ್ ಕೈ ಸೇದೋಗ! ಉಣ್ಣೋ ಮುದ್ದೆಗೆ ಚುಚ್ತಾರಾ?"

"ಬೀಡಿ, ಬ್ಲೇಡು ಎಲ್ಲಾ ಮುದ್ದೆ ಒಳಗೇ ಬರ್ತವೆ. ಯಾರನ್ನ ನೋಡಾಕೆ ಬಂದ್ರಿ?"

"ಯಾರ್ನೂ ಅಲ್ಲ. ನಾನು ಹೊಸ ವಾರ್ಡರು. ಕೆಲ್ಸ ಕಲಿಯಕ್ಕೆ ಬಂದಿವ್ನಿ!"

ಅವನ ಕೈಯ ಕಡ್ಡಿ ಮುದ್ದೆಯಲ್ಲೇ ಉಳಿಯಿತು. ಮುಖದಲ್ಲಿ ಮೊದಲ ಸಲ ನಗು ಮೂಡಿತು.

"ಅಂಗಾದ್ರೆ ನಾಳೆಯಿಂದ ಈ ಕಡ್ಡಿ ನಿಮ್ ಕೈಗೇ ತಗಳ್ರಿ."

ಅದು ಎಪ್ಪತ್ತೆಂಟನೇ ಇಸವಿ. ಊರು ಮಧುಗಿರಿ. ಅವನ ಹೆಸರು ಕದಿರಯ್ಯ, ಪಾವಗಡದ ಕಡೆಯವನು, ಸಬ್‌ಜೈಲಿನ ಗೇಟಿನ ವಾರ್ಡರ್.

ಈರಕ್ಕ ಪುರವರದವಳು. ಅಪ್ಪ ಗಂಗಣ್ಣನಿಗೆ ಕುರಿಮಂದೆ, ಒಂದಿಷ್ಟು ರಾಗಿ ಹೊಲ. ಎಸ್ಸೆಸ್ಸೆಲ್ಸಿ ಪಾಸಾದ ಮಗಳಿಗೆ ಸಬ್‌ಜೈಲಿನಲ್ಲಿ ಕೆಲಸ ಸಿಕ್ಕಿದ್ದೇನೋ ನಿಜ. ಆದರೆ ಪೂರ್ತಿ ಸಿಕ್ಕಿರಲಿಲ್ಲ. ಆರು ತಿಂಗಳು ತರಬೇತಿ, ಆಮೇಲೆ ದೊಡ್ಡ ಸಾಹೇಬರ ಮುಂದೆ ಪರೀಕ್ಷೆ. ಗೆದ್ದರೆ ಕಾಯಂ. ಸೋತರೆ?

"ಸೋತ್ರೆ ತೆಪ್ಪಗೆ ಬಂದು ನಿಮ್ ಬೋರಯ್ಯ ಮಾವಂಗೆ ಕತ್ತು ಕೊಡು. ಗೆದ್ರೆ ನಿನ್ ದಾರಿ ನಿಂದು ಕಣಮ್ಮಿ" ಎಂದಿದ್ದಳು ಅವ್ವ ಕ್ಯಾತಮ್ಮ.

ಬೋರಯ್ಯ ಅವ್ವನ ತಮ್ಮ. ಒಳ್ಳೆಯವನೇ. ಆದರೆ ಅವಳು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಸಂತೆ ಸುತ್ತಿಸಿದವನು! 'ಅವನ ಹೆಗಲು ನೆನಪಾಗ್ತದೆ... ಅವನನ್ನು ಗಂಡ ಅಂತ ಹೆಂಗೆ ಕರೀಲಿ?'

ಹಾಗಾಗಿ ಈರಕ್ಕ ಜೀವ ಒತ್ತೆಯಿಟ್ಟು ಕಲಿತಳು.

ಹೆಂಗಸರ ವಾರ್ಡಿನ ಹಿರಿಯ ವಾರ್ಡರ್ ರಾಜಲಕ್ಷ್ಮಮ್ಮ ಕವಾಯತು ಕಲಿಸಿದರು, ಸೀರೆ ಕೊಡವಿ ತಪಾಸಣೆ ಮಾಡುವುದನ್ನು ಕಲಿಸಿದರು. ಬೀಗ ಮತ್ತು ಕಂಬಿ ಕದಿರಯ್ಯನ ಪಾಲಿಗೆ ಬಂತು.

"ಬೀಗ ಹಾಕಿದ ಮೇಲೆ ಜಗ್ಗಿ ನೋಡ್ರಿ. ನಂಬಿಕೆ ಮನುಷ್ಯರ ಮೇಲಿರಲಿ, ಬೀಗದ ಮೇಲೆ ಬ್ಯಾಡ."

ಕಂಬಿಗಳನ್ನು ಒಂದೊಂದಾಗಿ ಕೋಲಿನಿಂದ ತಟ್ಟಿಸಿದ. ಎಲ್ಲಾದರೂ ಗರಗಸ ಬಿದ್ದಿದ್ದರೆ ಸದ್ದು ಬದಲಾಗುತ್ತದಂತೆ.

"ಸಂತೇಲಿ ಗಡಿಗೆ ತಟ್ಟಿ ನೋಡ್ದಂಗೆ!" ಎಂದಳು ಈರಕ್ಕ.

"ಅಂಗೇ! ನಾನು ಒಂದು ವರ್ಷ ತಿಣುಕಿದ್ದನ್ನ ನೀವು ಒಂದೇ ಮಾತಲ್ಲಿ ಹೇಳ್ಬುಟ್ರಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಯಾಕೋ...

ಗೇಟಿನಲ್ಲಿ ಈಗ ಅವನು ಅವಳ ಮುದ್ದೆಗೆ ಕಡ್ಡಿ ಚುಚ್ಚುತ್ತಿರಲಿಲ್ಲ. "ನೀವೇ ಮುರಿದು ತೋರ್ಸಿ" ಎನ್ನುತ್ತಿದ್ದ. ಕಾನೂನೂ ಉಳಿಯಿತು, ಮುದ್ದೆಯ ಮಾನವೂ ಉಳಿಯಿತು. ಒಮ್ಮೊಮ್ಮೆ ಅವಳ ಬುತ್ತಿಯ ಪಕ್ಕ ಒಂದು ಹಿಡಿ ಹುರಿದ ಕಡಲೇಕಾಯಿ ಇರುತ್ತಿತ್ತು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಎಲ್ಲ ಚೆನ್ನಾಗಿತ್ತು... ಎಣಿಕೆಯ ದಿನದವರೆಗೆ!

ಸಂಜೆ ಬೀಗ ಹಾಕುವ ಮೊದಲು ಒಳಗಿರುವವರನ್ನು ಗಟ್ಟಿಯಾಗಿ ಎಣಿಸಬೇಕು. "ಮಿಕ್ಕಿದ್ದೆಲ್ಲಾ ಸರಿಯಿದ್ದು ಎಣಿಕೆ ತಪ್ಪಿದ್ರೂ ಪೇಲು" ಎಂದು ಮುಖ್ಯ ವಾರ್ಡರ್ ಮೂಡಲಗಿರಿಯಪ್ಪ ಮೊದಲೇ ಎಚ್ಚರಿಸಿದ್ದರು. ಪರೀಕ್ಷೆಗೆ ಒಂದು ವಾರ ಇರುವಾಗ ಈರಕ್ಕನಿಗೆ ಮೊದಲ ಸಲ ಒಬ್ಬಳೇ ಎಣಿಸುವ ಸರದಿ ಬಂತು. ಸಾಲಿನ ಮೊದಲಿಗೆ ಶಿರಾದ ಶಾಹಜಾದಿ ಕೂತಿದ್ದಳು, ನಲ್ಲಿ ಜಗಳದಲ್ಲಿ ನೆರೆಯವಳ ಮೇಲೆ ಕೊಡ ಎತ್ತಿ ಹಾಕಿ ಬಂದವಳು.

ಈರಕ್ಕ ಅವಳತ್ತ ಕೈ ತೋರಿಸಿ ಗಟ್ಟಿಯಾಗಿ ಕೂಗಿದಳು.

"ಲಾಭ! ಎರಡು! ಮೂರು!"

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಆಮೇಲೆ...

"ಅರೇ ಬಾಪ್ರೇ!" ಶಾಹಜಾದಿ ಹೊಟ್ಟೆ ಹಿಡಿದುಕೊಂಡಳು. "ನನ್ನಿಂದ ಯಾರ್ಗವ್ವಾ ಲಾಭ? ನನ್ ಗಂಡನ್ನ ಕೇಳು, ಬರೀ ಲುಕ್ಸಾನು ಅಂತಾನೆ!"

ವಾರ್ಡೆಲ್ಲ ನಗು!

"ಇದೇನಮ್ಮ, ಜೈಲೋ, ರಾಗಿ ಕಣವೋ?" ಎಂದರು ಮೂಡಲಗಿರಿಯಪ್ಪ.

ಕಣವೇ! ಬುದ್ಧಿ ಬಂದಾಗಿನಿಂದ ಅವಳು ಎಣಿಸಿದ್ದೇ ಕಣದಲ್ಲಿ. ರಾಗಿ ಅಳೆಯುವಾಗ ಮೊದಲ ಸೇರಿಗೆ ಯಾರೂ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. 'ಒಂದು ಅಂದ್ರೆ ಒಂದೇ ಉಳೀತದೆ ಮಗಾ' ಎನ್ನುತ್ತಿದ್ದ ಅಪ್ಪ. ಕುರಿ ಎಣಿಸುವಾಗಲೂ ಹಾಗೇ.

ಆ ನಗುವಿನಿಂದ ಅವಳಿಗೆ ನೋವಾಗಲಿಲ್ಲ. ಆದರೆ ಬೀಗ ಹಾಕಲು ಬಂದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಕದಿರಯ್ಯ... ಅವನೂ ನಗುತ್ತಿದ್ದ! ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ!

'ನೀವೂನಾ?'

ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ಕಡಲೇಕಾಯಿ ಇಟ್ಟಲ್ಲೇ ಉಳಿಯಿತು. ಮನೆಯಲ್ಲಿ ಸೌದೆ, ಕೋಳಿ, ತಟ್ಟೆ, ಏನು ಸಿಕ್ಕರೆ ಅದನ್ನು ಎಣಿಸಿ ನೋಡಿದಳು. ಹಾಳಾದ ನಾಲಿಗೆ! ಮೊದಲು ಬರುವುದು ಲಾಭವೇ.

ಪರೀಕ್ಷೆಯ ಬೆಳಗ್ಗೆ. ಹಿಂದಿನ ಬಾಗಿಲು ಮುಚ್ಚಿತು. ಮುಂದಿನದು ತೆರೆಯಲಿಲ್ಲ.

"ಬಾಗ್ಲು ತೆಗೀರಿ" ಎಂದಳು, ಅವನ ಮುಖ ನೋಡದೆ.

"ತೆಗೀತೀನಿ. ಒಂದು ಮಾತು ಕೇಳಿ."

"ನಗೋದು ಮುಗಿದಿಲ್ವಾ ಇನ್ನೂ?"

"ನಿಮ್ಮನ್ನ ನೋಡಿ ನಗ್ಲಿಲ್ಲ ಈರಕ್ಕ... ನನ್ನ ನಾನೇ ನೋಡ್ಕೊಂಡಂಗಾಯ್ತು." ಅವನ ದನಿ ತಗ್ಗಿತು. "ನಮ್ಮಮ್ಮ ಕಡಲೇಕಾಯಿ ಅಳೆಯೋದೂ ಅಂಗೇ. ತೆಲುಗಲ್ಲಿ 'ಲಾಭಂ, ರೆಂಡು, ಮೂಡು'. ನನ್ ಪರೀಕ್ಷೇಲಿ ಸಾಹೇಬ್ರ ಮುಂದೆ ಗಂಟಲು ಹರಿಯಂಗೆ 'ಲಾಭಂ' ಅಂತ ಕೂಗಿದ್ದೆ! ಪೇಲಾಗಿ ಊರಿಗೋಗಿ ಇನ್ನೊಂದು ವರ್ಷ ಕುರಿ ಕಾದೆ. ಈ ಜೈಲಲ್ಲಿ ಇನ್ನೊಬ್ರ ಬಾಯಲ್ಲಿ ಆ ಮಾತು ಕೇಳ್ದಾಗ... ನಮ್ಮೋರು ಸಿಕ್ದಂಗಾಯ್ತು."

ಈರಕ್ಕ ಮೆಲ್ಲಗೆ ತಲೆ ಎತ್ತಿದಳು.

"ಆಮೇಲೆ ಹೆಂಗೆ ಪಾಸಾದ್ರಿ?"

"ಲಾಭಾನ ಬಿಡೋಕಾಗ್ಲಿಲ್ಲ. ಅದಕ್ಕೆ ಬೇರೆ ಜಾಗ ಕೊಟ್ಟೆ. ಬಾಗ್ಲಲ್ಲಿದ್ದ ಬೇವಿನ ಮರ ನೋಡಿ ಮನಸ್ನಾಗೆ 'ಲಾಭಂ' ಅಂದೆ. ಆಮೇಲೆ ಸಾಲಿನ ಮೊದಲನೆಯೋನು 'ಒಂದು'."

"ಹೆಂಗಸ್ರ ವಾರ್ಡಿನ ಬಾಗ್ಲಲ್ಲಿ ಮರ ಎಲ್ಲೈತೆ?"

ಕದಿರಯ್ಯ ಬೀಗದ ಕೈ ತಿರುಗಿಸುತ್ತಾ, ಅವಳ ಕಡೆ ನೋಡದೆ ಹೇಳಿದ. "ಬಾಗ್ಲಲ್ಲಿ ನಾನು ನಿಂತಿರ್ತೀನಲ್ಲ..."

ಲಾಠಿ ಕವಾಯತು ಆಯಿತು. ಬೀಗ, ಕಂಬಿ, ತಪಾಸಣೆ ಎಲ್ಲ ಆಯಿತು. ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು.

"ಎಣಿಸಮ್ಮ."

ಶಾಹಜಾದಿ ತುಟಿ ಕಚ್ಚಿಕೊಂಡು ಮೊದಲಿಗೇ ಕೂತಿದ್ದಾಳೆ. ನಾಲಿಗೆಯ ತುದಿಗೆ ಅದೇ ಮಾತು ಬಂದು ನಿಂತಿದೆ...

ಈರಕ್ಕ ಬಾಗಿಲ ಕಡೆ ನೋಡಿದಳು. ಕದಿರಯ್ಯ ಮರದ ಹಾಗೆ ನೆಟ್ಟಗೆ ನಿಂತಿದ್ದ.

'ಲಾಭ' ಎಂದಿತು ಮನಸ್ಸು. ಹಾಗೆ ಅಂದು ಹಗುರಾಯಿತು.

"ಒಂದು! ಎರಡು! ಮೂರು!" ದನಿ ಗೋಡೆಗಳಿಗೆ ತಾಗಿ ಮರಳಿತು. "...ಹನ್ನೊಂದು! ಎಣಿಕೆ ಸರಿ ಇದೆ ಸಾರ್!"

"ಪಾಸ್" ಎಂದರು ಸಾಹೇಬರು.

ಅವರು ಅತ್ತ ಹೋದ ಮೇಲೆ ಶಾಹಜಾದಿ ಮುಖ ಸಣ್ಣಗೆ ಮಾಡಿದಳು. "ಇವತ್ತು ನಾನು ಬರೀ ಒಂದಾಗೋದೆ ನೋಡವ್ವಾ." ಮರುಕ್ಷಣವೇ ನಕ್ಕು ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿದಳು. "ಮುಬಾರಕ್ ಆಗ್ಲಿ, ಬೇಟಿ!"

ಊರಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವನು ಬೋರಯ್ಯ ಮಾವ. ಪುರವರದ ಬಸ್‌ಸ್ಟಾಂಡಿನಲ್ಲಿ ಕಂಡವರಿಗೆಲ್ಲ ಖಾರಾಬೂಂದಿ ಹಂಚಿದ. "ಗೆದ್ಬುಟ್ಟೆ ಕಣವ್ವ! ನಾ ಎತ್ತಾಡಿಸಿದ ಕೂಸಿಗೆ ತಾಳಿ ಕಟ್ಟು ಅಂತ ನಿಮ್ಮವ್ವ ನನ್ ಜೀವ ತಿಂತಿದ್ಲು!"

ಮರುದಿನ ಈರಕ್ಕ ಹೊಸ ಖಾಕಿ ಸೀರೆ ಉಟ್ಟು ಬಂದಳು. ಹಿಂದಿನ ಬಾಗಿಲು ಮುಚ್ಚಿತು.

"ಬುತ್ತಿ ಬಿಚ್ಚಿ" ಎಂದ ಕದಿರಯ್ಯ, ಮೆಲ್ಲಗೆ.

ಬಿಚ್ಚಿದಳು. ಎರಡು ಮುದ್ದೆ!

"ಇದೇನು ಇವತ್ತು?"

"ನಾನೊಬ್ಳೇ ಉಣ್ಣಲ್ಲ ಇನ್ಮೇಲೆ."

ಅವನು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿದ. "ನಿನ್ನೆ ನನ್ನ ನೋಡಿ ಮನಸ್ನಾಗೆ ಏನಂದ್ರಿ?"

"ನೀವು ಹೇಳ್ಕೊಟ್ಟಿದ್ದೇ."

"ಬರೀ ಪರೀಕ್ಷೆಗಾ ಈರಕ್ಕ?"

"ಪರೀಕ್ಷೆ ನಿನ್ನೇನೇ ಮುಗೀತು..." ಅವಳ ಕಣ್ಣು ತುಂಬಿತು. "ನೀವಿನ್ನೂ ಅಲ್ಲೇ ನಿಂತಿದೀರಲ್ಲ, ಮನಸಿನ ಬಾಗ್ಲಲ್ಲಿ!"

"ಅಂಗಾದ್ರೆ ಭಾನುವಾರ ನಮ್ಮಮ್ಮನ್ನ ಕರ್ಕೊಂಡು ಪುರವರಕ್ಕೆ ಬರ್ಲಾ?"

ಅವಳು ಉತ್ತರಿಸುವ ಮೊದಲೇ ಒಳಗಿನಿಂದ ಮೂಡಲಗಿರಿಯಪ್ಪನವರ ದನಿ ಬಂತು. "ಏನ್ಲಾ ಕದಿರಾ! ಒಳಬಾಗ್ಲು ತೆಗೆಯಲ್ವೇನ್ಲಾ? ಎಷ್ಟು ಜನ ಅವ್ರಲಾ ಅಲ್ಲಿ?"

ಈರಕ್ಕ ಮೊದಲು ಅವನತ್ತ ಬೆರಳು ತೋರಿಸಿದಳು, ಆಮೇಲೆ ತನ್ನತ್ತ.

"ಲಾಭ... ಎರಡು..." ಎಂದು ಪಿಸುಗುಟ್ಟಿ, ನಗು ತಡೆದುಕೊಂಡು ಗಟ್ಟಿಯಾಗಿ ಕೂಗಿದಳು. "ಇಬ್ರೇ ಸಾರ್! ಎಣಿಕೆ ಸರಿ ಐತೆ!"