ಬಂಡೆ ಮೇಲಿನ ಸುಣ್ಣದ ಅಕ್ಷರ

1943ನೇ ಇಸವಿ ಮಾರ್ಚ್ ಹನ್ನೊಂದು, ಬೆಳಗ್ಗೆ ಒಂಬತ್ತು ಗಂಟೆ. ನುಗ್ಗೇಹಳ್ಳಿ ಕಡೆಯ ಒಂದು ಹಳ್ಳಿಯ ಪಟೇಲ ಕೆಂಪಣ್ಣ, ಸಂತೆಗೆ ಹೊರಟಿದ್ದ ತೆಂಗಿನಕಾಯಿ ಗಾಡಿ ಹತ್ತಿಕೊಂಡು ಚನ್ನರಾಯಪಟ್ಟಣದ ಠಾಣೆಗೆ ಬಂದ.

"ನಮ್ಮೂರ ಹಾಸುಬಂಡೆ ಮೇಲೆ ಯಾವನೋ ಸುಣ್ಣದಲ್ಲಿ ಬರ್ದವ್ನೆ ಸಾ. ಜಪಾನಿನೋರ ಅಕ್ಷರ."

"ಜಪಾನಿನ ಅಕ್ಷರ ನೀವೆಲ್ಲಿ ನೋಡಿದ್ರಿ ಪಟೇಲ್ರೇ?" ಇನ್‌ಸ್ಪೆಕ್ಟರ್ ನಂಜಯ್ಯ ಕೇಳಿದರು.

"ನೋಡಿಲ್ಲ, ಅದುಕ್ಕೇ ಯೋಳ್ತಿರಾದು. ನಾನು ನೋಡ್ದೆ ಇರೋ ಅಕ್ಷರ ಇನ್ಯಾರ್ದಿದ್ದಾತು?"

ಕಾನ್‌ಸ್ಟೇಬಲ್ ಬೋರಪ್ಪ ನಕ್ಕ. ನಂಜಯ್ಯ ನಗಲಿಲ್ಲ. ಶತ್ರುವಿಮಾನಕ್ಕೆ ಸನ್ನೆ ಮಾಡುವವರನ್ನು ಮೂರು ಸಲ ಕೂಗಿ ಕೇಳಬೇಕು, ಉತ್ತರ ಬಾರದಿದ್ದರೆ ಗುಂಡು ಹಾರಿಸಬಹುದು ಎಂದು ಹಾಸನದಿಂದ ಹುಕುಂ ಬಂದಿತ್ತು. ಜೀವಸಹಿತ ಸಿಕ್ಕವನಿಗೂ ನೇಣು ತಪ್ಪುವುದು ಕಷ್ಟವಿತ್ತು. ಅವರು ಎಫ್‌ಐಆರ್ ಬರೆದು, ಬಂದೂಕು ತೆಗೆದುಕೊಳ್ಳುವಂತೆ ಬೋರಪ್ಪನಿಗೆ ಹೇಳಿದರು.

ಇದ್ದಿಲಿನಿಂದ ಓಡುವ ಬಸ್ಸು ಅವರನ್ನು ಮಧ್ಯಾಹ್ನಕ್ಕೆ ಊರು ಮುಟ್ಟಿಸಿತು. ರಾಗಿ ಒಣಹಾಕುವ ಬಂಡೆಯ ಮೇಲೆ ಗಾಡಿಯುದ್ದದ ಬಿಳಿ ಗೆರೆಗಳು, ಕೊಕ್ಕೆಗಳು, ಸುರುಳಿಗಳು. ಸುತ್ತಲೂ ನಡೆದು ನೋಡಿದರೂ ಏನೆಂದು ತಿಳಿಯಲಿಲ್ಲ. ಸಾಕ್ಷಿಗೆಂದು ಕರೆಸಿದ್ದ ಪಂಚರು ತಲೆ ಕೆರೆದುಕೊಂಡರು.

"ಓದಬೇಕಾದವರು ಮೇಲಿದ್ದಾರೆ. ನಾವು ಕೆಳಗೆ ನಿಂತರೆ ಆಗದು" ಎಂದು ನಂಜಯ್ಯ ಪಕ್ಕದ ಗುಡ್ಡ ಹತ್ತತೊಡಗಿದರು. ಬೋರಪ್ಪ ಏದುಸಿರು ಬಿಡುತ್ತ ಹಿಂದೆ ಹೋದ. ಗುಡ್ಡದ ತಲೆಯಲ್ಲಿ ನಿಂತು ತಿರುಗಿ ನೋಡಿದವನು ಬಾಯಿ ಬಿಟ್ಟ.

"ಅಯ್ಯೋ ಶಿವ್ನೇ, ಕನ್ನಡ ಕಣ್ ಸಾ! ಜ... ನ..."

"ಜನ. ಪಕ್ಕದಲ್ಲಿ ಅರ್ಧ ಬರೆದದ್ದು ಇ. ಮುಗಿದಿಲ್ಲ ಕಣಯ್ಯ. ಮತ್ತೆ ಬರ್ತಾನೆ."

ಕೆಳಗಿಳಿದು ಹೇಳಿದಾಗ ಕೆಂಪಣ್ಣನಿಗೆ ನಿರಾಸೆಯಾಯಿತು. "ಜಪಾನಿನೋರ್ಗೆ ಕನ್ನಡನೂ ಬತ್ತದಾ ಸಾ?"

ಪಂಚನಾಮೆ ಮುಗಿಸಿ ನಂಜಯ್ಯ ಸುಣ್ಣದ ಗೂಡಿಗೆ ಹೋದರು. ಸುಣ್ಣ ಸುಡುವ ಮಾರಮ್ಮ ಎಲೆ ಅಡಿಕೆ ಉಗಿದು ಎದ್ದು ನಿಂತಳು.

"ಈಚೆಗೆ ಹೆಚ್ಚು ಸುಣ್ಣ ಒಯ್ದವರು ಯಾರು?"

"ನಮ್ ಪಾಲಾಕ್ಷ. ಅಡಗ್ನಾಗಿದ್ನಲ್ಲ, ಸಮುದ್ರದ್ ಮ್ಯಾಲಿನ ಲಡಾಯಿ ಅಡಗು. ಮನೆಗೆ ಬಳೀಬೇಕು ಅಂದ. ಅವ್ನ ಗ್ವಾಡೆ ನೋಡುದ್ರೆ ಸಗಣಿ ಬಣ್ಣ ಅಂಗೇ ಅದೆ!"

ಪಾಲಾಕ್ಷನ ಮನೆಯಲ್ಲಿ ಅವನ ಅಕ್ಕ ಬಸವಲಿಂಗಮ್ಮ ಒಬ್ಬಳೇ ಇದ್ದಳು. ಬಂದೂಕು ಕಂಡು ಮೊರ ಕೆಳಗಿಟ್ಟಳು.

"ತಮ್ಮ ಎಲ್ಲಿ?"

"ಗೊತ್ತಿಲ್ಲ ಸಾಮಿ."

"ಯಾರ ಜೊತೆ ಮಾತುಕತೆ?"

"ಯಾರ್ ಜತೆಗೂ ಇಲ್ಲ. ಕೂಗುದ್ರೆ ತಿರುಗಿ ನೋಡಾಕಿಲ್ಲ. ಅಡಗ್ನಿಂದ ಬಂದ್ಮ್ಯಾಲೆ ಇಂಗೇಯ. ಅವ್ನು ಕೆಟ್ಟೋನಲ್ಲ ಸಾಮಿ. ಇರೋನೊಬ್ನೇ ತಮ್ಮ. ಒಡೀಬ್ಯಾಡಿ."

ಹುಡುಗನಿಗೆ ಸೊಕ್ಕು ಎಂದುಕೊಂಡು ನಂಜಯ್ಯ ಹೊರಬಿದ್ದರು.

ಸಂಜೆ ಆರರ ಹೊತ್ತಿಗೆ ಇಬ್ಬರೂ ಲಂಟಾನದ ಪೊದೆಯ ಮರೆಯಲ್ಲಿ ಕುಳಿತಿದ್ದರು. ಒಬ್ಬ ಗಡಿಗೆ ಹೊತ್ತು ಬಂದು, ಬೆನ್ನು ಹಾಕಿ ಕುಕ್ಕರಿಸಿ, ಪೊರಕೆಯಿಂದ ಗೆರೆ ಎಳೆಯತೊಡಗಿದ. ಬೋರಪ್ಪ ಎದ್ದ.

"ಯಾರ್ಲಾ ಅದು?"

ಪೊರಕೆ ನಿಲ್ಲಲಿಲ್ಲ.

"ಲೇ, ಯಾರ್ಲಾ? ಪೊಲೀಸು!"

ಆತ ಗಡಿಗೆಗೆ ಪೊರಕೆ ಅದ್ದಿದ.

"ಕೊನೇ ಸಲ ಕೇಳ್ತಿವ್ನಿ, ಯಾರು?"

ಬೋರಪ್ಪ ಬಂದೂಕನ್ನು ಭುಜಕ್ಕೇರಿಸಿದ. ಕೂಗಿಗೆ ಬೆದರಿದ ಟಿಟ್ಟಿಭ ಹಕ್ಕಿಗಳು ಆ ಮನುಷ್ಯನ ಮಗ್ಗುಲಿನಿಂದಲೇ ಕಿರುಚುತ್ತ ಎದ್ದವು. ಅವನು ತಲೆಯೆತ್ತಲಿಲ್ಲ. ಅಷ್ಟು ಹತ್ತಿರದ ಕಿರುಚಾಟಕ್ಕೂ ಎತ್ತಲಿಲ್ಲ. ನಂಜಯ್ಯನವರಿಗೆ ಅಕ್ಕನ ಮಾತು ನೆನಪಾಯಿತು: ಕೂಗುದ್ರೆ ತಿರುಗಿ ನೋಡಾಕಿಲ್ಲ.

ನಂಜಯ್ಯ ಬಂದೂಕಿನ ನಳಿಗೆಯನ್ನು ನೆಲಕ್ಕೆ ಒತ್ತಿದರು. "ಕಿವುಡ ಕಣಯ್ಯ ಅವನು!"

ಅವರು ಸುತ್ತಿಬಳಸಿ ಎದುರಿಗೆ ಹೋಗಿ ನಿಂತರು. ಹಸಿ ಗೆರೆಯ ಮೇಲೆ ಬೂಟು ಕಂಡು ಪಾಲಾಕ್ಷ ತಲೆಯೆತ್ತಿ, ಸುಣ್ಣ ಮೆತ್ತಿದ ಕೈಗಳೆರಡನ್ನೂ ಮೇಲೆತ್ತಿದ.

ಬಾಯಿಂದ ಕೇಳಿದ್ದು ಅವನಿಗೆ ತಿಳಿಯಲಿಲ್ಲ. ನಂಜಯ್ಯ ಕುಕ್ಕರಿಸಿ, ಬೆರಳಿಗೆ ಸುಣ್ಣ ಹಚ್ಚಿಕೊಂಡು ಬಂಡೆಯ ಮೇಲೆ ಬರೆದರು: ಇ ಆದಮೇಲೆ ಏನು?

"ಜನ ಇದ್ದಾರೆ ಅಂತ ಸಾ." ಕಿವುಡರ ಎತ್ತರದ ದನಿ. "ಮೊನ್ನೆ ಸುಣ್ಣ ಮುಗ್ದೋಗಿತ್ತು."

ನಂಜಯ್ಯ ಮತ್ತೆ ಬರೆದರು: ಯಾರಿಗೆ?

"ಮ್ಯಾಲೆ ಓಗೋರ್ಗೆ. ನಮ್ಮೋರಾಗ್ಲಿ, ಅವ್ರಾಗ್ಲಿ."

ಯಾಕೆ?

ಪಾಲಾಕ್ಷ ಕೈ ಒರೆಸಿಕೊಂಡ. "ಅಡಗ್ನಾಗೆ ಪಿರಂಗಿ ನನ್ ಕೈಲಿತ್ತು ಸಾ. ಇಮಾನ ಬಂತು. ದೀಪ ಆಡ್ಸಿ ಮೂರು ಸಲ ಕೇಳುದ್ವಿ, ಯಾರು ಅಂತ. ಉತ್ತರ ಬರ್ಲಿಲ್ಲ. ಒಡಿ ಅಂದ್ರು. ಒಡ್ದೆ. ಆವತ್ತೇ ಕಿವೀನೂ ಓಯ್ತು."

ಬೋರಪ್ಪ ಬಂದೂಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಇಮಾನ ನೀರಿಗೆ ಬಿತ್ತು. ದೋಣಿ ಇಳ್ಸಿ ಅದ್ರ ತಾವ್ಕೆ ಓದ್ವಿ. ನೀರ ಮ್ಯಾಲೆಲ್ಲ ಕಿತ್ತಳೆ ಅಣ್ಣು ತೇಲ್ತಿದ್ವು. ಬುಟ್ಟೀನೂ ಇತ್ತು. ಯಾರ್ದೋ ಮನೆಗೆ ಬರಿಗೈಲಿ ಓಗಬಾರ್ದು ಅಂತ ಯಾರೋ ತಗಂಡೋಯ್ತಿದ್ರು. ದಂಡಿನೋರು ಕಿತ್ತಳೆ ಅಣ್ಣು ತತ್ತಾರಾ ಸಾ? ಸುಮ್ನೆ ಕೂತು ಪ್ರಯಾಣ ಮಾಡೋ ಜನ. ನಮ್ ಸಾಹೇಬ್ರು ಸತ್ರುವಿಮಾನ ಅಂತ ಬರ್ಕಂಡ್ರು. ಬಾಯ್ಬಿಡಬ್ಯಾಡಿ ಅಂದ್ರು."

ಅವರಿಗೆ ನಿಮ್ಮ ದೀಪ ಕಾಣಲಿಲ್ಲವೆ?

"ಕಂಡಿರ್ಬೋದು. ದೀಪದ್ ಭಾಷೆ ಅವ್ರಿಗೆ ಬರ್ತಿತ್ತೋ ಇಲ್ವೋ. ಅದುಕ್ಕೇ ನಾನು ಬಿಡ್ಸಿ ಬರ್ದೆ ಸಾ."

ಕನ್ನಡದಲ್ಲಿ ಬಿಡಿಸಿ ಬರೆದಿದ್ದ. ಅದನ್ನು ಓದಬಲ್ಲ ವಿಮಾನ ಯಾವ ದೇಶದ್ದೂ ಇರಲಿಲ್ಲ. ಆ ಮಾತನ್ನು ಬರೆಯಲು ಬೆರಳಿಗೆ ಸುಣ್ಣ ಹಚ್ಚಿಕೊಂಡ ನಂಜಯ್ಯ, ಬರೆಯದೆ ಕೈ ಒರೆಸಿಕೊಂಡರು.

ಆರೂವರೆಗೆ ದಸ್ತಗಿರಿ ಆಯಿತು. ಕೋಳ ತೊಡಿಸುವಾಗ ಬೋರಪ್ಪ ಪಾಲಾಕ್ಷನ ಮುಖ ನೋಡಲಿಲ್ಲ. ದಾರಿಯಲ್ಲಿ ಬಸವಲಿಂಗಮ್ಮ ಓಡಿಬಂದು ತಮ್ಮನ ಮೈಯನ್ನೆಲ್ಲ ಮುಟ್ಟಿ ನೋಡಿದಳು.

ವರದಿಯಲ್ಲಿ ನಂಜಯ್ಯ ಬರೆದರು: "ಆರೋಪಿಗೆ ಕಿವಿ ಕೇಳಿಸುವುದಿಲ್ಲ. ಬರೆದದ್ದು ಕನ್ನಡ. ಶತ್ರುವಿಗೆ ನೆರವಾಗುವ ಉದ್ದೇಶ ಕಂಡುಬಂದಿಲ್ಲ." ಮುಂದೆ ಹಾಸನದ ಕೋರ್ಟು ಅಪ್ಪಣೆಯಿಲ್ಲದೆ ಗುರುತು ಬರೆದದ್ದಕ್ಕೆ ಆರು ತಿಂಗಳ ಸಜೆ ಕೊಟ್ಟಿತು. ನೇಣಿನ ಮಾತು ಏಳಲಿಲ್ಲ.

ದಸ್ತಗಿರಿಯ ಮರುದಿನ ಬೆಳಗ್ಗೆ ಅಕ್ಷರ ಅಳಿಸುವ ಕೆಲಸ ನಡೆದಿತ್ತು. ಕೆಂಪಣ್ಣ ಕೆರೆಯಿಂದ ನೀರು ಹೊರಿಸಿದ. ಬೋರಪ್ಪ ಇ ಅಳಿಸಿ, ನ ಅಳಿಸಿ, ಜಕಾರದ ಅರ್ಧಕ್ಕೆ ಬಂದಿದ್ದಾಗ ದೂರದ ಆಕಾಶದಲ್ಲಿ ಗುಂಯ್ ಎಂದಿತು.

"ನಮ್ದಾ, ಅವ್ರದಾ ಸಾ?"

ನಂಜಯ್ಯ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು. ಅಷ್ಟು ಎತ್ತರದಲ್ಲಿ ಒಂದು ಚುಕ್ಕೆ.

"ಗೊತ್ತಾಗ್ತಿಲ್ಲ ಕಣಯ್ಯ."

ಬೋರಪ್ಪ ಪೊರಕೆಯನ್ನು ಬಂಡೆಯ ಮೇಲಿಟ್ಟು, ಖಾಲಿ ಕೈಗಳೆರಡನ್ನೂ ಮೇಲೆತ್ತಿ ನಿಂತ.