ಕಂಬಳಿಯ ಆ ಅರ್ಧ

ನಂಬುವುದಾದರೆ ನಂಬಿ, ಇಲ್ಲವಾದರೆ ಬಿಡಿ. ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಗಂಟು ಹೆಗಲಿಗೇರಿಸಿ ಊರೂರು ನೋಡುತ್ತ ನಡೆದಿದ್ದೆ. ಶಿಕಾರಿಪುರದ ಛತ್ರದಲ್ಲಿ ಕುರಿ ಸಾಕುವ ಉಜ್ಜಪ್ಪ ಗೆಳೆಯನಾದ. ಸೊರಬದ ಕಡೆ, ಹೊಸಬಾಳೆಯ ತನ್ನ ಮನೆಗೆ ಹೊರಟಿದ್ದ, ನಾನೂ ಜೊತೆಯಾದೆ.

ಮಧ್ಯಾಹ್ನ ಬಂದಳಿಕೆಯ ಹಾಳು ಗುಡಿಯ ಮುಂದೆ ಅವನು ಕಂಬಳಿ ಹಾಸಿದ. ಒಂದರ್ಧದಲ್ಲಿ ಅವನು, ಇನ್ನೊಂದರಲ್ಲಿ ನಾನು ಕೂತು ರೊಟ್ಟಿ ಬಿಚ್ಚಿದೆವು. ಚೊಂಬು ಹಿಡಿದು ಕೆರೆಗೆ ನೀರು ತರಲು ಹೋದವನು ಬರಲೇ ಇಲ್ಲ.

"ಎಲ್ಲಿ ಸತ್ತ್ಯೋ ಉಜ್ಜಪ್ಪಾ?" ಎಂದು ರೇಗಿದೆ.

"ಬಂದೆ, ಕುಂತಿರ್ರಿ ಅಣ್ಣಾರ." ದನಿ ಗುಡಿಯೊಳಗಿಂದ ಬಂತು. ಒಳಗೆ ಓಡಿದರೆ ಯಾರೂ ಇಲ್ಲ. ಅದೇ ಮಾತು ಕೆರೆಯ ಕಡೆಯಿಂದ. ಕೆರೆಗೆ ಓಡಿದರೆ ಮತ್ತೆ ಗುಡಿಯಿಂದ. ಗಂಟಲು ಕಟ್ಟುವವರೆಗೆ ಕೂಗಿದೆ, ಬೈದೆ, ಅತ್ತೆ. ಊರವರು ಬಂದು ಹುಡುಕಿದರು. ಕೆರೆಯಲ್ಲಿ ಮೊಣಕಾಲುದ್ದ ನೀರಷ್ಟೇ ಇತ್ತು. ತುಂಬಿದ ಚೊಂಬು ಗರ್ಭಗುಡಿಯಲ್ಲಿ ಸಿಕ್ಕಿತು.

ಮರುದಿನ ಕಂಬಳಿಯನ್ನು ಅವನ ಹೆಂಡತಿ ಹೂವಮ್ಮನ ಕೈಗೆ ಕೊಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಅದನ್ನು ಹಾಸಿ ಕೈಯಾಡಿಸಿದಳು.

"ಈಗಷ್ಟೇ ಎದ್ದು ಹೋದಂಗೈತಲ್ರೀ."

ನಾನೂ ಮುಟ್ಟಿದೆ. ನನ್ನರ್ಧ ತಣ್ಣಗಿತ್ತು, ಅವನು ಕೂತಿದ್ದ ಅರ್ಧ ಬೆಚ್ಚಗಿತ್ತು.

ಈ ವರ್ಷವೂ ಹೋಗಿದ್ದೆ. ಹೂವಮ್ಮ ಕಂಬಳಿಯನ್ನು ಮಡಚಿಲ್ಲ. ಅವನರ್ಧ ಇನ್ನೂ ಆರಿಲ್ಲ.