ಚಂಪಾಳ ಕುಬಸ

ಭೀಮರಾಯನಗುಡಿಯ ನಮ್ಮ ಮನೆಯಲ್ಲಿ, ಹಾಡಹಗಲೇ, ನನ್ನ ಕಣ್ಣೆದುರು ನಡೆದದ್ದಿದು.

ಧಾರಾವಾಹಿಯಲ್ಲಿ ಏಳು ತಿಂಗಳ ಬಸುರಿ ಚಂಪಾಳನ್ನು ಲಾರಿಗೆ ಸಿಕ್ಕಿಸಿ ಕೊಂದ ದಿನ ನಮ್ಮತ್ತೆ ಗೊಲ್ಲಾಳಮ್ಮ ಊಟ ಬಿಟ್ಟರು.

“ಕಥಿ ಬರದಾವ್ನ ಕೈ ಮುರದ್ ಬೀಳ್ಲಿ! ಕುಬಸನೂ ಮಾಡ್ಲಾರ್ದ ಬಸರಿನ್ನ ಕೊಂದಾನಲ್ಲ, ಭಾಡ್ಯಾ!”

ನನ್ನ ನಾದಿನಿ ಗುರುದೇವಿಯೂ ಏಳನೇ ತಿಂಗಳಲ್ಲೇ, ಹಸಿರು ಬಳೆ ಇಡಿಸುವ ಕುಬಸಕ್ಕೆ ಎರಡು ದಿನವಿದ್ದಾಗ ತೀರಿಕೊಂಡಿದ್ದಳು. ಆಕೆಗೆಂದು ತಂದ ಒಂದು ಡಜನ್ ಬಳೆಗಳು, ಬಳೆಗಾರ ಕಟ್ಟಿಕೊಟ್ಟ ದಾರದಲ್ಲೇ, ಟ್ರಂಕಿನಲ್ಲಿದ್ದವು.

ಮರುದಿನ ಮಧ್ಯಾಹ್ನ ಅತ್ತೆ ಆ ಬಳೆಗಳನ್ನು ತೆಗೆದು, ಖಣ, ಶೇಂಗಾ ಹೋಳಿಗೆಯ ಜೊತೆ ತಾಟಿನಲ್ಲಿಟ್ಟು ಟೀವಿ ಮುಂದೆ ಕೂತರು.

“ಅತ್ತಿ, ಕರೆಂಟ್ ಇಲ್ಲರಿ.”

“ಇಲ್ದಿದ್ರ ಏನಾತು ಸುನಿತಾ? ಅರಿಷಿಣ ಹಚ್ಚು.”

ಹಚ್ಚಲು ಟೀವಿಯ ಗಾಜು ಮುಟ್ಟಿದೆ. ಮೇ ತಿಂಗಳ ಆ ಸುಡುಬಿಸಿಲಲ್ಲಿ ಅದು ನೀರಿನ ಗಡಿಗೆಯಂತೆ ತಣ್ಣಗಿತ್ತು. ಗಾಜಿನಾಚೆ ಬಳೆ ಸದ್ದಾಯಿತು. ತಿರುಗಿ ನೋಡಿದರೆ ತಾಟಿನಲ್ಲಿ ಬಳೆಗಳಿಲ್ಲ, ದಾರ ಮಾತ್ರ ಇದೆ.

ನಾನು ತಾಟಿನ ಕೆಳಗೆ, ಟೀವಿಯ ಹಿಂದೆ ಹುಡುಕಿದೆ. ಅತ್ತೆ ಮಾತ್ರ ಎಷ್ಟೋ ವರ್ಷಗಳ ಮೇಲೆ ಬಾಯಿತುಂಬ ನಕ್ಕರು. “ಇಟ್ಕೊಂಡ್ಳವಾ ನನ್ ಮಗಳು!” ಎಂದು ಹೋಳಿಗೆ ಮುರಿದು, ನನಗೊಂದು ತುಂಡು ಕೊಟ್ಟು, ತಾವೂ ತಿಂದರು.

ತಿಂಗಳಾದ ಮೇಲೆ ಧಾರಾವಾಹಿಯಲ್ಲಿ ಚಂಪಾ ಬದುಕಿ ಬಂದಳು, ಕೈತುಂಬ ಹಸಿರು ಬಳೆ ಇಟ್ಟುಕೊಂಡು. ಜನರ ಬೈಗುಳಕ್ಕೆ ಹೆದರಿ ಕರೆತಂದರು ಅಂದರು ಓಣಿಯವರು. ಇರಬಹುದು.

ಆ ದಾರ ಇನ್ನೂ ನನ್ನ ಹತ್ತಿರವೇ ಇದೆ. ಎಲ್ಲೂ ಹರಿದಿಲ್ಲ. ಬಳೆಗಾರ ಹಾಕಿದ ಗಂಟೂ ಬಿಚ್ಚಿಲ್ಲ.